ಡಯಲ್-ಅಪ್ ಮೋಡೆಮ್: ಹಾರ್ಡ್‌ವೇರೋ ಸಾಫ್ಟ್‌ವೇರೋ ಮೊದಲು ಗುರುತಿಸಿ, ಆಮೇಲೆ ಜೋಡಿಸಿ

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ ಮೇಲೆ ಮೋಡೆಮ್ (ಫೋನ್ ಲೈನಿನಲ್ಲಿ ಡೇಟಾ ಕಳಿಸುವ ಸಾಧನ) ಕಾಣುತ್ತಿಲ್ಲ. ಕಂಡರೂ ಡಯಲ್ ಮಾಡುವುದಿಲ್ಲ. ಡಯಲ್ ಮಾಡಿದರೂ ಎರಡು ನಿಮಿಷಕ್ಕೆ ಕಡಿಯುತ್ತದೆ. ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಮತ್ತೆ ಮತ್ತೆ ಕೇಳಿಬರುವ ದೂರು ಈ ಮೂರೇ. ಕೈಯಲ್ಲಿರುವ ಮೋಡೆಮ್ ಯಾವ ಬಗೆಯದು ಎಂದು ತಿಳಿಯುವ ಮೊದಲೇ ಡ್ರೈವರ್ (ಸಾಧನವನ್ನು ನಡೆಸುವ ಪ್ರೋಗ್ರಾಂ) ಹುಡುಕಲು ಹೊರಡುತ್ತಾರೆ, ಲೈನ್ ನೋಡುವ ಮೊದಲೇ ಮೋಡೆಮ್ ಬದಲಿಸುತ್ತಾರೆ. ಇಲ್ಲಿ ಹಂತಗಳ ಕ್ರಮವೇ ಮುಖ್ಯ. ಮುಂದಿನ ಹಂತಕ್ಕೆ ಹೋಗಿ ಎಂದು ಹೇಳಿದಲ್ಲಿ ಬಿಟ್ಟು ಒಂದನ್ನೂ ಹಾರಿಸಬೇಡಿ.

ತಾಮ್ರದ ತಂತಿಯ ಸ್ಥಿರ ದೂರವಾಣಿ ಇನ್ನೂ ಇರುವಲ್ಲಿ ಫ್ಯಾಕ್ಸ್ ಕಳಿಸಲು, ತೋಟದ ಮನೆಯ ಯಂತ್ರದಿಂದ ಪೇಟೆಯ ಯಂತ್ರಕ್ಕೆ ಚಿಕ್ಕ ಫೈಲ್ ದಾಟಿಸಲು ಮೋಡೆಮ್ ಸಾಕು. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಕೀಲಿಮಣೆಯಲ್ಲಿ ಅದೇ ಇಂಗ್ಲಿಷ್ ಅಕ್ಷರಗಳನ್ನು ಒತ್ತಿ. ಅಂಕಿ, +, &, = ಇದ್ದಹಾಗೇ ಇರಲಿ.

## ಬಗೆ ಎರಡಲ್ಲ, ಮೂರು

ಯಾವುದೇ ಮೋಡೆಮ್ ಮೂರು ಕೆಲಸ ಮಾಡಬೇಕು. ಮೊದಲನೆಯದು ಕಂಟ್ರೋಲರ್ ಕೆಲಸ: ನೀವು ಕೊಟ್ಟ ಕಮಾಂಡ್ ಅರ್ಥ ಮಾಡಿಕೊಳ್ಳುವುದು, ದೋಷ ತಿದ್ದುವುದು, ಡೇಟಾ ಕುಗ್ಗಿಸುವುದು. ಎರಡನೆಯದು ಸಿಗ್ನಲ್ ಕೆಲಸ: ಸೊನ್ನೆ-ಒಂದುಗಳನ್ನು ಧ್ವನಿಯಾಗಿಸುವುದು, ಬಂದ ಧ್ವನಿಯನ್ನು ಮತ್ತೆ ಸೊನ್ನೆ-ಒಂದಾಗಿಸುವುದು. ಇದನ್ನು ಮೋಡೆಮ್ಮೇ ಮಾಡುವುದಾದರೆ ಡಿಎಸ್‌ಪಿ ಎಂಬ ಚಿಪ್ ಬೇಕು. ಮೂರನೆಯದು ಫೋನ್ ಲೈನಿಗೆ ಕೈ ಹಾಕುವ ಭಾಗ. ಇದಕ್ಕೆ ಡಿಎಎ ಎನ್ನುತ್ತಾರೆ.

ಮೂರೂ ಮೋಡೆಮ್ ಒಳಗೇ ಇದ್ದರೆ ಅದು ಹಾರ್ಡ್‌ವೇರ್ ಮೋಡೆಮ್. ಕಂಪ್ಯೂಟರಿಗೆ ಅದು ಬರಿಯ ಸೀರಿಯಲ್ ಪೋರ್ಟ್. ಡಾಸ್, ಲಿನಕ್ಸ್, ವಿಂಡೋಸ್ ಯಾವುದಾದರೂ ನಡೆಯುತ್ತದೆ. ಡಿಎಸ್‌ಪಿ ಕಾರ್ಡಿನಲ್ಲಿದ್ದು ಕಂಟ್ರೋಲರ್ ಕೆಲಸ ಮಾತ್ರ ಡ್ರೈವರ್‌ಗೆ ಬಿಟ್ಟಿದ್ದರೆ ಅದು ಕಂಟ್ರೋಲರ್ ಇಲ್ಲದ ಮೋಡೆಮ್. ಲ್ಯೂಸೆಂಟ್ ಎಲ್‌ಟಿ ವಿನ್‌ಮೋಡೆಮ್, ಕೊನೆಕ್ಸೆಂಟ್ ಎಚ್‌ಸಿಎಫ್ ಈ ಗುಂಪಿನವು. ಕಾರ್ಡಿನಲ್ಲಿ ಲೈನಿನ ಭಾಗ ಮಾತ್ರ ಇದ್ದು, ಉಳಿದೆರಡನ್ನೂ ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಹೇರಿದರೆ ಅದು ಪೂರ್ಣ ಸಾಫ್ಟ್‌ವೇರ್ ಮೋಡೆಮ್. ಪಿಸಿಟೆಲ್ ಎಚ್‌ಎಸ್‌ಪಿ, ಕೊನೆಕ್ಸೆಂಟ್ ಎಚ್‌ಎಸ್‌ಎಫ್, ಮೊಟೊರೊಲಾ ಎಸ್‌ಎಂ56, ಸ್ಮಾರ್ಟ್‌ಲಿಂಕ್ ಈ ಸಾಲಿನವು.

ಈ ವ್ಯತ್ಯಾಸ ಕೆಲಸದಲ್ಲಿ ಹೀಗೆ ಕಾಣುತ್ತದೆ. ಪೂರ್ಣ ಸಾಫ್ಟ್‌ವೇರ್ ಮೋಡೆಮ್ಮಿಗೆ ಪ್ರೊಸೆಸರ್ ಕೆಲವೇ ಮಿಲಿಸೆಕೆಂಡಿಗೊಮ್ಮೆ, ತಪ್ಪದೆ, ಗಮನ ಕೊಡಬೇಕು. ಒಂದೆರಡು ಸಲ ತಡವಾದರೆ ಧ್ವನಿಯ ತುಣುಕು ಕಳೆದುಹೋಗುತ್ತದೆ, ಆಚೆ ಕಡೆಯ ಮೋಡೆಮ್ಮಿಗೆ ಅದು ಲೈನಿನ ಗದ್ದಲದಂತೆಯೇ ಕಾಣುತ್ತದೆ. ಹಾರ್ಡ್‌ವೇರ್ ಮೋಡೆಮ್ಮಿಗೆ ಕಂಪ್ಯೂಟರ್ ಏನು ಮಾಡುತ್ತಿದೆ ಎಂಬುದೇ ಬೇಕಿಲ್ಲ. ಮಧ್ಯದ ಬಗೆ ಪ್ರೊಸೆಸರ್ ಮೇಲೆ ಅಷ್ಟು ಭಾರ ಹಾಕದಿದ್ದರೂ ಡ್ರೈವರ್ ಇಲ್ಲದೆ ಉಸಿರಾಡದು.

## ಬೇಕಾದ ಸಾಮಾನು

ಒಂದು ಮಲ್ಟಿಮೀಟರ್, ತಂತಿಯಿರುವ ಸಾದಾ ಫೋನ್, ಹೊಸ ಆರ್‌ಜೆ11 (ಫೋನ್ ಕಿಂಡಿಯ) ತಂತಿ ಎರಡು ಮೀಟರ್, ಚಿಕ್ಕ ಸ್ಕ್ರೂಡ್ರೈವರ್, ಟಾರ್ಚ್, ಐಸೊಪ್ರೊಪೈಲ್ ಆಲ್ಕೊಹಾಲ್, ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್, ಲಿನಕ್ಸ್ ಲೈವ್ ಪೆನ್‌ಡ್ರೈವ್ ಇಲ್ಲವೇ ಸಿಡಿ. ಕಾರ್ಡ್‌ಲೆಸ್ ಫೋನ್ ಪರೀಕ್ಷೆಗೆ ಬೇಡ. ಅದರದೇ ಗುಂಯ್ ಶಬ್ದ ಲೈನಿನ ಶಬ್ದವನ್ನು ಮುಚ್ಚುತ್ತದೆ.

## ಹಂತ 1: ಮೊದಲು ಲೈನ್, ಆಮೇಲೆ ಮೋಡೆಮ್

ಫೋನ್ ಲೈನ್ ಮನೆಗೆ ಬರುವ ರೋಸೆಟ್ ಡಬ್ಬಿಯ ಮುಚ್ಚಳ ಬಿಚ್ಚಿ. ಇರುವೆ ಗೂಡು, ಹಲ್ಲಿ ಮೊಟ್ಟೆ, ಹಸಿರು ಕಿಲುಬು ಇದ್ದರೆ ಆಶ್ಚರ್ಯವಿಲ್ಲ. ಕಾರವಾರದ ಕೋಡಿಬಾಗ, ಮಾಜಾಳಿ, ಕುಮಟಾ ಕಡೆಯ ಗೋಕರ್ಣದಂತಹ ಸಮುದ್ರದ ಮಗ್ಗುಲಿನ ಮನೆಗಳಲ್ಲಿ ಉಪ್ಪುಗಾಳಿ ಸ್ಕ್ರೂ ತಲೆಯನ್ನೇ ತಿನ್ನುತ್ತದೆ. ಆಲ್ಕೊಹಾಲಿನಲ್ಲಿ ಒರೆಸಿ, ತಂತಿಯ ಕಪ್ಪಾದ ತುದಿ ಕತ್ತರಿಸಿ, ಹೊಸದಾಗಿ ಸುಲಿದು ಬಿಗಿಯಿರಿ. ಕೆಲಸದ ನಡುವೆ ಯಾರಾದರೂ ಕರೆ ಮಾಡಿದರೆ ರಿಂಗ್ ವೋಲ್ಟೇಜ್ 75 ವೋಲ್ಟ್ ಆಸುಪಾಸಿನ ಎಸಿ, ಅದು ಕೈಗೆ ಹೊಡೆಯುತ್ತದೆ. ಬರಿಗೈಯಲ್ಲಿ ಎರಡೂ ತಂತಿ ಒಟ್ಟಿಗೆ ಹಿಡಿಯಬೇಡಿ. ಗುಡುಗು ದೂರದಲ್ಲಿ ಕೇಳಿದರೂ ಈ ಕೆಲಸ ನಿಲ್ಲಿಸಿ.

ಈಗ ಮನೆಯ ಉಳಿದೆಲ್ಲ ಫೋನ್, ಎಕ್ಸ್‌ಟೆನ್ಷನ್ ಬಿಚ್ಚಿ. ಮಲ್ಟಿಮೀಟರನ್ನು ಡಿಸಿ 200 ವೋಲ್ಟ್‌ಗೆ ತಿರುಗಿಸಿ ಎರಡು ತಂತಿಗಳ ನಡುವೆ ಹಿಡಿಯಿರಿ. ಫೋನ್ ಎತ್ತದಿರುವಾಗ 48 ವೋಲ್ಟ್ ಆಸುಪಾಸು ಇರಬೇಕು. ಸಾದಾ ಫೋನ್ ಹಾಕಿ ರಿಸೀವರ್ ಎತ್ತಿದರೆ ಸುಮಾರು 6ರಿಂದ 12 ವೋಲ್ಟ್‌ಗೆ ಇಳಿಯಬೇಕು. ಫೋನ್ ಎತ್ತದೆಯೇ 30ಕ್ಕಿಂತ ಕೆಳಗಿದ್ದರೆ ಎಲ್ಲೋ ನೀರು ಕುಡಿದ ಜಾಯಿಂಟ್ ಸೋರುತ್ತಿದೆ. ಮೋಡೆಮ್ ಮುಟ್ಟಬೇಡಿ, ಲೈನ್‌ಮ್ಯಾನ್‌ಗೆ ಹೇಳಿ.

ಮುಂದಿನದು ಕಿವಿಯ ಪರೀಕ್ಷೆ. ರಿಸೀವರ್ ಎತ್ತಿ ಒಂದೇ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಲ್ಲುತ್ತದೆ. ಮುಂದಿನ ಕೆಲವು ಸೆಕೆಂಡ್ ಬರಿಯ ಮೌನ ಕೇಳಬೇಕು. ಪಟಪಟ ಚಿಟಿಚಿಟಿ ಎಂದರೆ ಸಡಿಲ ಅಥವಾ ಒದ್ದೆ ಜಾಯಿಂಟ್. ಗುಂ ಎಂಬ ಒಂದೇ ಸಮನೆ ಶಬ್ದವಾದರೆ ಎರಡು ತಂತಿಗಳಲ್ಲಿ ಒಂದು ನೆಲಕ್ಕೆ ಸೋರುತ್ತಿದೆ, ಪಕ್ಕದ ವಿದ್ಯುತ್ ತಂತಿಯ 50 ಹರ್ಟ್ಸ್ ಒಳಗೆ ಬಂದಿದೆ. ಶಿರಸಿ, ಸಿದ್ದಾಪುರ ಕಡೆಯ ಒಂಟಿ ಮನೆಗಳಿಗೆ ಡ್ರಾಪ್ ವೈರ್ ಮರದಿಂದ ಮರಕ್ಕೆ ಬಹುದೂರ ಬಂದಿರುತ್ತದೆ. ಅಲ್ಲಿ ದೋಷವಿರುವುದು ಹೆಚ್ಚಾಗಿ ನಡುವಿನ ಕೈಜಾಯಿಂಟಿನಲ್ಲಿ. ಬರಿ ತಂತಿ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಒಳಗೆ ಜೆಲ್ಲಿ ತುಂಬಿದ ಕನೆಕ್ಟರ್ ಹಾಕಿಸಿ.

ನಿಮ್ಮ ಫೋನ್ ತಂತಿ ಫೈಬರ್ ಪೆಟ್ಟಿಗೆಯ ಹಿಂದಿನ ಫೋನ್ ಕಿಂಡಿಗೆ ಹೋಗುತ್ತಿದ್ದರೆ ಅದು ತಾಮ್ರದ ಲೈನ್ ಅಲ್ಲ. ಧ್ವನಿ ಇಂಟರ್‌ನೆಟ್ ಪ್ಯಾಕೆಟ್ ಆಗಿ ಹೋಗುತ್ತದೆ. ಜಿ.711 ಕೋಡೆಕ್ (ಧ್ವನಿಯನ್ನು ಡೇಟಾ ಆಗಿಸುವ ವಿಧಾನ) ಇದ್ದರೆ ಸೆಕೆಂಡಿಗೆ 9600 ಅಥವಾ 14400 ಬಿಟ್ ವೇಗದಲ್ಲಿ ಫ್ಯಾಕ್ಸ್ ನಡೆಯಬಹುದು. ಜಿ.729ರಂತಹ ಕುಗ್ಗಿಸುವ ಕೋಡೆಕ್ ಇದ್ದರೆ ಯಾವ ಮೋಡೆಮ್ಮೂ ನಡೆಯದು. ಇದನ್ನು ತಿಳಿಯದೆ ಮೂರು ಮೋಡೆಮ್ ಬದಲಿಸಿದರೂ ಫಲವಿಲ್ಲ. ಲಾಡ್ಜ್, ದೊಡ್ಡ ಕಚೇರಿಗಳ ಡಿಜಿಟಲ್ ಇಂಟರ್‌ಕಾಮ್ ಎಕ್ಸ್‌ಟೆನ್ಷನ್‌ಗೆ ಮೋಡೆಮ್ ಚುಚ್ಚಲೇಬೇಡಿ. ಅಲ್ಲಿನ ಕರೆಂಟಿಗೆ ಲೈನಿನ ಭಾಗ ಸುಟ್ಟುಹೋಗಬಹುದು.

## ಹಂತ 2: ಕಣ್ಣಿನಲ್ಲಿ ಗುರುತಿಸುವುದು

ಹೊರಗಿಡುವ ಪೆಟ್ಟಿಗೆ, ಅದಕ್ಕೆ ತನ್ನದೇ ಅಡಾಪ್ಟರ್, ಹಿಂದೆ 9 ಅಥವಾ 25 ಪಿನ್‌ನ ಸೀರಿಯಲ್ ಕಿಂಡಿ ಇದ್ದರೆ ಅದು ಹಾರ್ಡ್‌ವೇರ್ ಮೋಡೆಮ್. ನೇರ ಹಂತ 5ಕ್ಕೆ ಹೋಗಿ. ಹೊರಗಿನ ಯುಎಸ್‌ಬಿ ಮೋಡೆಮ್ ಎಂದ ಮಾತ್ರಕ್ಕೆ ಈ ನಂಬಿಕೆ ಬೇಡ. ಅವುಗಳಲ್ಲಿ ಹಾರ್ಡ್‌ವೇರ್, ಸಾಫ್ಟ್‌ವೇರ್ ಎರಡೂ ಇವೆ. ಯುಎಸ್ ರೊಬೊಟಿಕ್ಸ್ 5637 ಒಳಗೆ ಕಂಟ್ರೋಲರ್ ಇರುವ ಒಳ್ಳೆಯ ಯುಎಸ್‌ಬಿ ಮೋಡೆಮ್.

ಕಾರ್ಡ್ ಆಗಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಕರೆಂಟ್ ತಂತಿ ತೆಗೆದು, ಕಾರ್ಡನ್ನು ಬೆಳಕಿಗೆ ಹಿಡಿಯಿರಿ. ಹಾರ್ಡ್‌ವೇರ್ ಕಾರ್ಡ್ ತುಂಬಿಕೊಂಡಿರುತ್ತದೆ: ಎರಡು ದೊಡ್ಡ ಚಿಪ್, ಪಕ್ಕದಲ್ಲಿ ಫರ್ಮ್‌ವೇರ್ (ಮೋಡೆಮ್ಮಿನದೇ ಪ್ರೋಗ್ರಾಂ) ಇರುವ ರೋಮ್ ಚಿಪ್, ಇನ್ನೊಂದು ಮೆಮೊರಿ ಚಿಪ್. ಸಾಫ್ಟ್‌ವೇರ್ ಕಾರ್ಡ್ ಬೋಳು. ಬೆರಳ ತುದಿಯಷ್ಟು ಒಂದೇ ಚಿಪ್, ಒಂದು ಕ್ರಿಸ್ಟಲ್, ಫೋನ್ ಕಿಂಡಿಯ ಹತ್ತಿರ ನಾಲ್ಕಾರು ಕೆಪಾಸಿಟರ್, ಬಹುಶಃ ಒಂದು ರಿಲೇ, ಅಷ್ಟೇ. ಒಂದೇ ದೊಡ್ಡ ಚಿಪ್ ಇದ್ದು ಮೇಲೆ ಲ್ಯೂಸೆಂಟ್ 1646 ಎಂದಿದ್ದರೆ ಮಧ್ಯದ ಬಗೆ.

ಮದರ್‌ಬೋರ್ಡಿನ ಕೊನೆಯ ಗಿಡ್ಡ ಎಎಂಆರ್, ಸಿಎನ್‌ಆರ್ ಸ್ಲಾಟಿನ ಕಾರ್ಡ್ ಎಂದರೆ ಸಾಫ್ಟ್‌ವೇರ್. ಲ್ಯಾಪ್‌ಟಾಪ್ ಒಳಗಿನದೂ ಬಹುಪಾಲು ಹಾಗೆಯೇ. ಹಳೆಯ ಐಎಸ್‌ಎ ಕಾರ್ಡಿನಲ್ಲಿ ಕಾಮ್ ಪೋರ್ಟ್ ಮತ್ತು ಐಆರ್‌ಕ್ಯು (ಪ್ರೊಸೆಸರನ್ನು ಕರೆಯುವ ಸಂಕೇತದ ಸಾಲು) ಆರಿಸುವ ಜಂಪರ್ ಸಾಲು ಇದ್ದರೆ ಹಾರ್ಡ್‌ವೇರ್ ಎಂದು ನಂಬಬಹುದು. ಜಂಪರ್ ಇಲ್ಲದ ಐಎಸ್‌ಎ ಕಾರ್ಡಿನ ಬಗ್ಗೆ ಅನುಮಾನ ಇರಲಿ. ಐಎಸ್‌ಎ ಕಾಲದಲ್ಲೂ ವಿಂಡೋಸ್ ಡ್ರೈವರ್ ಬೇಕಾದ ವಿನ್‌ಮೋಡೆಮ್ ಬಂದಿದ್ದವು.

ಡಬ್ಬ ಸಿಕ್ಕಿದರೆ ಪಕ್ಕದ ಬರಹ ಓದಿ. ಪೆಂಟಿಯಂ ಎಂಎಂಎಕ್ಸ್ ಮತ್ತು ವಿಂಡೋಸ್ ಕಡ್ಡಾಯ ಎಂದಿದ್ದರೆ ಸಾಫ್ಟ್‌ವೇರ್. ಡಾಸ್‌ನಲ್ಲೂ ನಡೆಯುತ್ತದೆ ಎಂದಿದ್ದರೆ ಹಾರ್ಡ್‌ವೇರ್. 56ಕೆ ಎಂಬ ದೊಡ್ಡ ಅಕ್ಷರದಿಂದ ಏನೂ ತಿಳಿಯದು, ಅದು ಮೂರೂ ಬಗೆಯ ಮೇಲಿರುತ್ತದೆ.

## ಹಂತ 3: ಕಂಪ್ಯೂಟರನ್ನೇ ಕೇಳುವುದು

ಇಲ್ಲಿ ಎಲ್ಲರೂ ಬೀಳುವ ಹೊಂಡ ಒಂದಿದೆ. ವಿಂಡೋಸ್‌ನಲ್ಲಿ ಮೋಡೆಮ್ ಕಾಮ್3 ಎಂದು ಕಾಣುತ್ತದೆ, ಎಟಿ ಎಂಬ ಮೋಡೆಮ್ ಕಮಾಂಡ್ ಕೊಟ್ಟರೆ ಓಕೆ ಎನ್ನುತ್ತದೆ, ಹಾಗಾಗಿ ಹಾರ್ಡ್‌ವೇರ್ ಇರಬೇಕು ಎಂದುಕೊಳ್ಳುತ್ತಾರೆ. ಸಾಫ್ಟ್‌ವೇರ್ ಮೋಡೆಮ್ಮಿನ ಡ್ರೈವರ್ ಕಾಮ್ ಪೋರ್ಟಿನ ವೇಷ ಹಾಕುತ್ತದೆ. ಆ ಓಕೆ ಕೊಟ್ಟಿದ್ದು ಡ್ರೈವರ್, ಕಾರ್ಡ್ ಅಲ್ಲ. ಲೈನಿನ ಭಾಗ ಸುಟ್ಟಿದ್ದರೂ ಓಕೆ ಬರುತ್ತದೆ.

ಲೈವ್ ಲಿನಕ್ಸ್‌ನಿಂದ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ -ಎನ್‌ಎನ್ ಕೊಡಿ, ಒಳಗಿನ ಕಾರ್ಡ್‌ಗಳ ಪಟ್ಟಿ ಬರುತ್ತದೆ. ಮೋಡೆಮ್ ಸಾಲಿನ ಮೊದಲಲ್ಲಿ ಸೀರಿಯಲ್ ಕಂಟ್ರೋಲರ್ ಎಂದಿದ್ದರೆ ಹಾರ್ಡ್‌ವೇರ್ ಇರುವ ಸಾಧ್ಯತೆ ಹೆಚ್ಚು. ಯುಎಸ್ ರೊಬೊಟಿಕ್ಸ್ 5610 ಹೀಗೆಯೇ ಕಾಣುತ್ತದೆ, ಗುರುತು 12ಬಿ9:1008. ಕಮ್ಯುನಿಕೇಶನ್ ಕಂಟ್ರೋಲರ್ ಎಂದಿದ್ದರೆ ಬಹುಪಾಲು ಸಾಫ್ಟ್‌ವೇರ್. ಗುರುತಿನ ಮೊದಲ ಭಾಗ ನೋಡಿ: 134ಡಿ ಪಿಸಿಟೆಲ್, 14ಎಫ್1 ಕೊನೆಕ್ಸೆಂಟ್, 11ಸಿ1 ಲ್ಯೂಸೆಂಟ್, 1057 ಮೊಟೊರೊಲಾ, 8086 ಇಂಟೆಲ್.

ಯುಎಸ್‌ಬಿ ಮೋಡೆಮ್ ಚುಚ್ಚಿದ ಕೂಡಲೇ ಟಿಟಿವೈಎಸಿಎಂ0 ಎಂಬ ಪೋರ್ಟ್ ಹುಟ್ಟಿದರೆ ಒಳ್ಳೆಯ ಲಕ್ಷಣ. ಏನೂ ಹುಟ್ಟದಿದ್ದರೆ ಸಾಫ್ಟ್‌ವೇರ್ ಎಂದೇ ತಿಳಿಯಿರಿ.

ಕೊನೆಯ ತೀರ್ಪು ಇದು: ಯಾವ ಡ್ರೈವರೂ ಹಾಕದ ಲಿನಕ್ಸ್ ಅಥವಾ ಬರಿ ಡಾಸ್‌ನಲ್ಲಿ ಎಟಿ ಎಂದಾಗ ಓಕೆ ಬಂದರೆ ಅದು ಹಾರ್ಡ್‌ವೇರ್.

## ಹಂತ 4: ಇಟ್ಟುಕೊಳ್ಳುವುದೋ, ಬಿಡುವುದೋ

ಸಾಫ್ಟ್‌ವೇರ್ ಮೋಡೆಮ್ ಎಂದು ಖಾತ್ರಿಯಾದರೆ ಅದರ ಜೊತೆ ಬಂದ ಹಳೆಯ ವಿಂಡೋಸ್‌ನಲ್ಲೇ, ಅದರದೇ ಸಿಡಿಯ ಡ್ರೈವರ್ ಹಾಕಿ ನಡೆಸಿ. ಲಿನಕ್ಸ್‌ಗೂ ಕೆಲವಕ್ಕೆ ಡ್ರೈವರ್ ಬಂದಿದ್ದವು, ಆದರೆ ಬಹುತೇಕ 2.4, 2.6 ಕರ್ನೆಲ್ ಕಾಲದವು. ಹೊಸ ಕರ್ನೆಲ್ ಮೇಲೆ ಅವನ್ನು ಕೂರಿಸಲು ಹೋದರೆ ವಾರಗಳು ಹೋಗುತ್ತವೆ. ವರ್ಚುವಲ್ ಯಂತ್ರದೊಳಗೆ ಅದನ್ನು ನಡೆಸುವ ಯೋಚನೆಯೂ ಬೇಡ.

ಹೊಸದಾಗಿ ಕೊಳ್ಳುವವರಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಉತ್ತರ ಒಂದೇ: ಹೊರಗಿಡುವ ಸೀರಿಯಲ್ ಮೋಡೆಮ್. ಎಲ್ಲ ಕಡೆ ನಡೆಯುತ್ತದೆ ಎಂಬುದು ಇದಕ್ಕೆ ಅರ್ಧ ಕಾರಣ ಮಾತ್ರ. ಸಿಡಿಲು ಫೋನ್ ತಂತಿಯಲ್ಲಿ ಬಂದರೆ ಒಳಗಿನ ಕಾರ್ಡ್ ಅದನ್ನು ನೇರ ಮದರ್‌ಬೋರ್ಡಿಗೆ ದಾಟಿಸುತ್ತದೆ. ಹೊರಗಿನ ಪೆಟ್ಟಿಗೆಯಾದರೆ ಹೆಚ್ಚಾಗಿ ತಾನು ಸತ್ತು ಕಂಪ್ಯೂಟರ್ ಉಳಿಸುತ್ತದೆ.

## ಹಂತ 5: ಜೋಡಣೆ

ಅಡಾಪ್ಟರ್ ಮೇಲಿನ ಬರಹ ಮೊದಲು ಓದಿ. ಕೆಲವು ಮೋಡೆಮ್‌ಗಳಿಗೆ ಎಸಿ ಕೊಡುವ ಅಡಾಪ್ಟರೇ ಬೇಕು. ಪಿನ್ ಕೂರುತ್ತದೆ ಎಂದು ರೌಟರಿನ ಡಿಸಿ ಅಡಾಪ್ಟರ್ ಚುಚ್ಚಬೇಡಿ.

ಕೇಬಲ್ ನೇರ ತಂತಿಯದಿರಬೇಕು. ಎರಡು ಕಂಪ್ಯೂಟರ್ ಜೋಡಿಸುವ ಅಡ್ಡ ತಂತಿಯ ನಲ್-ಮೋಡೆಮ್ ಕೇಬಲ್ ನೋಡಲು ಹಾಗೇ ಇರುತ್ತದೆ, ಅದರಲ್ಲಿ ಎಟಿಗೆ ಉತ್ತರವೇ ಬರುವುದಿಲ್ಲ. ಹೊಸ ಲ್ಯಾಪ್‌ಟಾಪಿಗೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಬಳಸುವುದಾದರೆ ಅದರಲ್ಲಿ ಕಳಿಸುವ, ಪಡೆಯುವ ತಂತಿಗಳಷ್ಟೇ ಸಾಲದು. ಆರ್‌ಟಿಎಸ್, ಸಿಟಿಎಸ್, ಡಿಟಿಆರ್, ಡಿಸಿಡಿ ಎಂಬ ನಿಯಂತ್ರಣದ ತಂತಿಗಳು ನಾಲ್ಕೂ ಬೇಕು. ಇವಿಲ್ಲದಿದ್ದರೆ ಚಿಕ್ಕ ಸಂದೇಶ ಹೋಗುತ್ತದೆ, ದೊಡ್ಡ ಫೈಲ್ ನಡುವೆ ಹಾಳಾಗುತ್ತದೆ.

ಗೋಡೆಯ ತಂತಿ ಮೋಡೆಮ್ಮಿನ ಲೈನ್ ಕಿಂಡಿಗೆ ಹೋಗಬೇಕು. ಪಕ್ಕದ ಫೋನ್ ಕಿಂಡಿ ನಿಮ್ಮ ಫೋನಿಗೆ. ಅದೇ ಲೈನಿನಲ್ಲಿ ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಇದ್ದರೆ ಸ್ಪ್ಲಿಟರ್‌ನ ಫೋನ್ ಕಡೆಯಿಂದ ತಂತಿ ತನ್ನಿ.

## ಹಂತ 6: ಮೊದಲ ಮಾತು

ಮಿನಿಕಾಮ್ ಎಂಬ ಪ್ರೋಗ್ರಾಂ ತೆರೆದು ಪೋರ್ಟ್ ಆರಿಸಿ: ಮದರ್‌ಬೋರ್ಡಿನ ಕಾಮ್1 ಎಂದರೆ ಟಿಟಿವೈಎಸ್0, ಅಡಾಪ್ಟರ್ ಆದರೆ ಟಿಟಿವೈಯುಎಸ್‌ಬಿ0. ವೇಗ 115200, 8 ಬಿಟ್, ಪ್ಯಾರಿಟಿ ಇಲ್ಲ, ಸ್ಟಾಪ್ 1, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್. ಪೋರ್ಟ್ ತೆರೆಯಲು ಬಿಡುತ್ತಿಲ್ಲ ಎಂದರೆ ನಿಮ್ಮ ಬಳಕೆದಾರರ ಹೆಸರು ಡಯಲ್‌ಔಟ್ ಗುಂಪಿಗೆ ಸೇರಿಲ್ಲ. ಪೋರ್ಟ್ ಬ್ಯುಸಿ ಎಂದರೆ ಮೋಡೆಮ್‌ಮ್ಯಾನೇಜರ್ ಸೇವೆ ಅದನ್ನು ಹಿಡಿದಿದೆ, ನಿಲ್ಲಿಸಿ.

ಕ್ರಮವಾಗಿ ಕೊಡಿ: ಎಟಿ&ಎಫ್ ಕಾರ್ಖಾನೆಯ ಸೆಟಿಂಗ್ ತರುತ್ತದೆ. ಎಟಿಐ3 ಮೋಡೆಮ್ಮಿನ ಪರಿಚಯ ಹೇಳುತ್ತದೆ. ಎಟಿ+ಜಿಸಿಐ=53 ದೇಶವನ್ನು ಭಾರತಕ್ಕೆ ಹೊಂದಿಸುತ್ತದೆ. ಈ ಕಮಾಂಡ್ ಒಪ್ಪದ ಮೋಡೆಮ್‌ಗಳೂ ಇವೆ, ಎರರ್ ಬಂದರೆ ಮುಂದೆ ಹೋಗಿ.

ಈಗ ನಿಜವಾದ ಪರೀಕ್ಷೆ. ಮಲ್ಟಿಮೀಟರ್ ಲೈನಿನ ಮೇಲೆ ಇರಲಿ. ಎಟಿಎಂ2ಎಚ್1 ಕೊಡಿ. ಒಳಗೆ ರಿಲೇ ಟಕ್ ಎನ್ನಬೇಕು, ಫೋನ್ ಎತ್ತಿದ್ದನ್ನು ತೋರಿಸುವ ಒಎಚ್ ದೀಪ ಹೊತ್ತಬೇಕು, ಮೋಡೆಮ್ಮಿನ ಸ್ಪೀಕರಿನಲ್ಲಿ ಡಯಲ್ ಟೋನ್ ಕೇಳಬೇಕು, ಮೀಟರಿನಲ್ಲಿ 48 ಇದ್ದದ್ದು 10ರ ಆಸುಪಾಸಿಗೆ ಬೀಳಬೇಕು. ಓಕೆ ಬಂದು ಮೀಟರ್ 48ರಲ್ಲೇ ನಿಂತರೆ ಲೈನಿನ ಭಾಗ ಸುಟ್ಟಿದೆ. ಸಿಡಿಲು ಹೊಡೆದ ಮೋಡೆಮ್ಮಿನ ಲಕ್ಷಣ ಇದೇ: ಮಾತಾಡುತ್ತದೆ, ಫೋನ್ ಎತ್ತುವುದಿಲ್ಲ. ಎಟಿಎಚ್0 ಕೊಟ್ಟು ಇಳಿಸಿ.

## ಹಂತ 7: ಮೊದಲ ಕರೆ

ಡಯಲ್ ಟೋನ್ ಕಿವಿಗೆ ಕೇಳುತ್ತಿದೆ, ಆದರೂ ಮೋಡೆಮ್ ನೋ ಡಯಲ್‌ಟೋನ್ ಎನ್ನುತ್ತದೆ. ಹೊರದೇಶದ ಮೋಡೆಮ್‌ಗಳಲ್ಲಿ ಇದು ತೀರ ಸಾಮಾನ್ಯ. ನಮ್ಮ ಡಯಲ್ ಟೋನ್ 400 ಹರ್ಟ್ಸ್, 25 ಹರ್ಟ್ಸ್‌ನಲ್ಲಿ ಅಲೆಯುವಂಥದ್ದು. ಅಮೆರಿಕದ ಟೋನಿಗೆ ಕಿವಿ ಕೊಟ್ಟ ಮೋಡೆಮ್ ಇದನ್ನು ಗುರುತಿಸದೆ ಹೋಗಬಹುದು. ಎಟಿಎಕ್ಸ್3 ಕೊಟ್ಟರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಆದರೆ ಹಂತ 6ರ ಪರೀಕ್ಷೆ ಮುಗಿಯುವ ಮೊದಲು ಇದನ್ನು ಹಾಕಬೇಡಿ. ಸತ್ತ ಲೈನಿನ ಮೇಲೂ ಅದು ಸುಮ್ಮನೆ ಡಯಲ್ ಮಾಡುತ್ತ, ಕೊನೆಗೆ ನೋ ಕ್ಯಾರಿಯರ್ (ಆಚೆಯ ಮೋಡೆಮ್ ಸಿಗಲಿಲ್ಲ) ಎಂದು ದಾರಿ ತಪ್ಪಿಸುತ್ತದೆ.

ಪರೀಕ್ಷೆಗೆ ನಿಮ್ಮದೇ ಮೊಬೈಲಿಗೆ ಡಯಲ್ ಮಾಡಿ: ಎಟಿಡಿಟಿ, ಆಮೇಲೆ ನಂಬರ್. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಡಯಲ್ ಮಾಡುವಾಗ ನಂಬರಿನ ಆರಂಭದಲ್ಲಿ 0 ಸೇರಿಸುವುದು ಕಡ್ಡಾಯ. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಅದು ಇರುವುದಿಲ್ಲ. ಕಾರವಾರದಿಂದ ಶಿರಸಿಗೆ 08384, ಶಿರಸಿಯಿಂದ ಕಾರವಾರಕ್ಕೆ 08382 ಸೇರಿಸಿ. ಇಂಟರ್‌ಕಾಮ್ ಮೂಲಕ ಹೊರಗೆ ಹೋಗುವಾಗ ಹೊರಲೈನಿನ ಅಂಕಿಯ ನಂತರ ಅಲ್ಪವಿರಾಮ ಹಾಕಿ, ಮೋಡೆಮ್ ಸುಮಾರು ಎರಡು ಸೆಕೆಂಡ್ ನಿಲ್ಲುತ್ತದೆ.

ಮೊಬೈಲ್ ರಿಂಗಾದರೆ ಇನ್ನೊಂದು ಮೋಡೆಮ್ಮಿಗೆ ಕರೆ ಮಾಡಿ. ಆ ಕಡೆ ಎಟಿಎಸ್0=1 ಕೊಟ್ಟರೆ ತಾನೇ ಎತ್ತುತ್ತದೆ. ಮೊದಲು 2100 ಹರ್ಟ್ಸ್‌ನ ಒಂದೇ ಸಮನೆ ಕೂಗು, ಆಮೇಲೆ ಎರಡೂ ಕಡೆಯ ಗಿಜಿಗಿಜಿ, ಕೊನೆಗೆ ಶ್ ಎಂಬ ಸದ್ದು, ಮೌನ. ಆಗ ಆಚೆಯ ಮೋಡೆಮ್ ಸಿಕ್ಕಿದ್ದನ್ನು ತೋರಿಸುವ ಸಿಡಿ ದೀಪ ಹೊತ್ತಿ ಕನೆಕ್ಟ್ ಎಂದು ಬರುತ್ತದೆ. ಎರಡು ಮನೆಗಳ ನಡುವೆ 33600ಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. 56ಕೆ ವೇಗಕ್ಕೆ ಒಂದು ತುದಿ ಡಿಜಿಟಲ್ ಆಗಿರಬೇಕು.

## ಹಂತ 8: ನಡುವೆ ಕಡಿದರೆ ತಪ್ಪು ಯಾರದು

ಒಂದು ನೋಟ್‌ಬುಕ್ ಇಟ್ಟು ಪ್ರತಿ ಕರೆಗೂ ನಾಲ್ಕು ಸಂಗತಿ ಬರೆಯಿರಿ: ಸಮಯ, ಕನೆಕ್ಟ್ ವೇಗ, ಎಷ್ಟು ನಿಮಿಷ ನಿಂತಿತು, ಆಗ ಮಳೆ ಇತ್ತೋ ಇಲ್ಲವೋ. ಹತ್ತು ಕರೆಗಳಲ್ಲಿ ಚಿತ್ರ ಮೂಡುತ್ತದೆ.

ಮಳೆ ಬಂದಾಗ ವೇಗ ಇಳಿದರೆ, ಬಿಸಿಲಾದ ಎರಡು ದಿನಕ್ಕೆ ಸರಿಹೋದರೆ ಜಾಯಿಂಟ್. ಯಾರೋ ಒಳಗಿನ ಫೋನ್ ಎತ್ತಿದಾಗ ಕಡಿದರೆ ಪ್ಯಾರಲಲ್ ಲೈನ್. ನಡುವೆ ಟಿಕ್ ಎಂಬ ಶಬ್ದಕ್ಕೆ ಕಡಿದರೆ ಕಾಲ್ ವೇಟಿಂಗ್, ಅದನ್ನು ತೆಗೆಸಿ. ತೆಗೆಸುವವರೆಗೆ ಎಟಿಎಸ್10=50 ಕೊಟ್ಟರೆ ಮೋಡೆಮ್ ಐದು ಸೆಕೆಂಡ್ ತಾಳುತ್ತದೆ.

ಮಳೆ-ಬಿಸಿಲಿಗೆ ಸಂಬಂಧವಿಲ್ಲದೆ, ದೊಡ್ಡ ಫೈಲ್ ನಕಲು ಮಾಡುವಾಗ, ಆಂಟಿವೈರಸ್ ಓಡುವಾಗ, ಹೊಸ ಪ್ರೋಗ್ರಾಂ ತೆರೆಯುವಾಗ ಕಡಿದರೆ ಅದು ಸಾಫ್ಟ್‌ವೇರ್ ಮೋಡೆಮ್ಮಿಗೆ ಪ್ರೊಸೆಸರ್ ಸಮಯ ಸಿಗದ ತೊಂದರೆ. ಮೊದಲು ಹಾರ್ಡ್‌ಡಿಸ್ಕ್ ಡಿಎಂಎ (ಪ್ರೊಸೆಸರನ್ನು ಹಿಡಿಯದೆ ಡೇಟಾ ಸಾಗಿಸುವ) ಮೋಡಿನಲ್ಲಿದೆಯೇ ನೋಡಿ. ಹಳೆಯ ವಿಂಡೋಸ್ ಡಿಸ್ಕಿನಲ್ಲಿ ದೋಷ ಕಂಡರೆ ತಾನಾಗಿ ಪಿಐಒ ಮೋಡಿಗೆ ಇಳಿಯುತ್ತದೆ, ಆಗ ಪ್ರತಿ ಓದು-ಬರಹವೂ ಪ್ರೊಸೆಸರನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ಕಾರ್ಡನ್ನು ಬೇರೆ ಪಿಸಿಐ ಸ್ಲಾಟಿಗೆ ಹಾಕಿ ಐಆರ್‌ಕ್ಯು ಹಂಚಿಕೆ ತಪ್ಪಿಸಿ. ತೆಗೆದಾಗ ಬಂಗಾರದ ಬೆರಳುಗಳನ್ನು ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ.

ತೊಂದರೆ ಲೈನಿನದಾಗಲಿ, ಪ್ರೊಸೆಸರಿನದಾಗಲಿ, ಕೊನೆಯ ಉಪಾಯ ವೇಗ ಇಳಿಸುವುದು. 31200ರಲ್ಲಿ ಮೂರು ನಿಮಿಷಕ್ಕೊಮ್ಮೆ ಕಡಿಯುವುದಕ್ಕಿಂತ 14400ರಲ್ಲಿ ಒಂದು ತಾಸು ನಿಲ್ಲುವುದು ಮೇಲು. ಬಹಳಷ್ಟು ಮೋಡೆಮ್‌ಗಳಲ್ಲಿ ಎಟಿ+ಎಂಎಸ್=ವಿ32ಬಿ ಇದನ್ನು ಮಾಡುತ್ತದೆ. ಯುಎಸ್ ರೊಬೊಟಿಕ್ಸ್‌ನಲ್ಲಿ &ಎನ್ ಕಮಾಂಡ್.

## ಸಿಡಿಲು ಮತ್ತು ಮಳೆಗಾಲ

ಮೋಡೆಮ್ ಹೆಚ್ಚು ಸಾಯುವುದು ಆಷಾಢದ ಜಡಿಮಳೆಯಲ್ಲಿ ಅಲ್ಲ. ಭರಣಿ, ಕೃತ್ತಿಕೆಯ ಸಂಜೆ ಗುಡುಗಿನಲ್ಲಿ, ಮತ್ತೆ ಚಿತ್ತೆ, ಸ್ವಾತಿಯಲ್ಲಿ. ಗುಡುಗು ಕೇಳಿದ ಕೂಡಲೇ ಫೋನ್ ತಂತಿ ಮತ್ತು ಕರೆಂಟ್ ಎರಡನ್ನೂ ಗೋಡೆಯಿಂದ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲು ಒಂದು ತಂತಿಯಲ್ಲಿ ಬಂದು ಇನ್ನೊಂದರ ಅರ್ಥಿಂಗ್ ಕಡೆಗೆ ಹೊರಡುತ್ತದೆ, ದಾರಿಯಲ್ಲಿ ಸಿಕ್ಕಿದ್ದು ಸುಡುತ್ತದೆ. ಗುಡುಗು ತಲೆಯ ಮೇಲೇ ಬಂದಿದ್ದರೆ ತಂತಿ ಮುಟ್ಟಬೇಡಿ, ಮೋಡೆಮ್ ಹೋದರೆ ಹೋಗಲಿ.

ಗ್ಯಾಸ್ ಟ್ಯೂಬ್ ಇರುವ ಅರೆಸ್ಟರ್ (ಸಿಡಿಲು ತಡೆಯುವ ಸಾಧನ) ಹಾಕಿಸುವುದಾದರೆ ಅರ್ಥಿಂಗ್ ಸರಿಯಿರಬೇಕು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಕೆಲಸ ಮಾಡದು. ಏಪ್ರಿಲ್‌ನಿಂದಲೇ ಗುಂಡಿಗೆ ನೀರು ಹಾಕುತ್ತಿರಿ.

ಮಳೆಗಾಲದಲ್ಲಿ ಬಳಸದ ಮೋಡೆಮ್ಮನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿಡಿ. ಹೊರಗೇ ಇರುವುದಾದರೆ ವಾರಕ್ಕೊಮ್ಮೆ ಒಂದು ತಾಸು ಕರೆಂಟ್ ಕೊಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಮಳೆಗಾಲ ಮುಗಿದ ಮೇಲೆ ಮೊದಲ ಕರೆಗೆ ಮುನ್ನ ರೋಸೆಟ್ ಡಬ್ಬಿ ಮತ್ತೊಮ್ಮೆ ಬಿಚ್ಚಿ, 48 ವೋಲ್ಟ್ ಇದೆಯೇ ಅಳೆಯಿರಿ.